ನಲವತ್ತೊಂಬತ್ತು ಕೆ.ಜಿ. ವಿಭಾಗ

ಆತಗೂರು
೩೧ ಡಿಸೆಂಬರ್ ೨೦೨೫, ಬುಧವಾರ

ಪ್ರೀತಿಯ ಸಿಂಧು,

ಹೇಗಿದ್ದೀಯ? ಈ ಒಂದು ಮಾತು ಕೇಳಲಾಗದೆ ಆರು ತಿಂಗಳು ಕಳೆದೆ. ಈಗ ಮೊದಲ ಸಾಲಿನಲ್ಲೇ ಕೇಳಿಬಿಟ್ಟಿದ್ದೇನೆ, ಮುಂದಿನದನ್ನು ಬರೆಯಲು ಸುಲಭವಾಗಲಿ ಎಂದು.

ಹೋದ ಇಪ್ಪತ್ತನೇ ತಾರೀಕು ನಿಮ್ಮ ಅಣ್ಣ ಅಭಿನವ್ ಮಳವಳ್ಳಿಯಿಂದ ಫೋನ್ ಮಾಡಿದ್ದರು. ನೀನು ಈಗ ಗೋಡೆ ಹಿಡಿಯದೆ ಬಚ್ಚಲಿನವರೆಗೆ ನಡೆಯುತ್ತೀಯಂತೆ. ಫೋನು, ಟೀವಿ ಎರಡು ನಿಮಿಷಕ್ಕಿಂತ ಹೆಚ್ಚು ನೋಡಿದರೆ ತಲೆ ಸಿಡಿಯುತ್ತದಂತೆ, ಅಚ್ಚಿನ ಅಕ್ಷರ ಅಲುಗಾಡುತ್ತವಂತೆ. ಅದಕ್ಕೆ ಅಮ್ಮ ದಿನಾ ಬೆಳಿಗ್ಗೆ ಪೇಪರ್ ಓದಿ ಹೇಳುತ್ತಾರಂತೆ. ಪೇಪರಿನಲ್ಲಿ ಕ್ರಿಕೆಟ್ ಬಿಟ್ಟರೆ ಬೇರೇನೂ ಇಲ್ಲ, ಟೇಕ್ವಾಂಡೋದಲ್ಲಿ ಈ ವರ್ಷ ಏನೇನಾಯಿತು ಎಂದು ವನಜಾ ಬರೆದು ಕಳಿಸಲಿ ಎಂದು ನೀನೇ ಹೇಳಿದೆಯಂತೆ. ಅಭಿನವ್ ಅಣ್ಣ ಎರಡು ಸಲ ಹೇಳಿದರು, ನೀನೇ ಹೇಳಿದ್ದು ಎಂದು. ನಾನು ನಂಬಲಿಲ್ಲ ಎಂದು ಅವರಿಗೆ ಅನ್ನಿಸಿರಬೇಕು.

ಏಳು ವರ್ಷ ಈ ಕೆಲಸ ನಿನ್ನದಾಗಿತ್ತು. ಡಿಸೆಂಬರಿನ ಕೊನೆಯ ಭಾನುವಾರ ಪುಟ್ಟರಾಜು ಸರ್ ತಮ್ಮ ಟೇಕ್ವಾಂಡೋ ಕ್ಲಾಸಿನ ನಮ್ಮನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಮುತ್ತತ್ತಿಗೆ ಕರೆದುಕೊಂಡು ಹೋಗುತ್ತಿದ್ದರು. ಊಟವಾದ ಮೇಲೆ ನೀನು ಹೊಳೆ ಪಕ್ಕದ ಬಂಡೆಯ ಮೇಲೆ ಕುಳಿತು ನಿನ್ನ ನೋಟ್‌ಬುಕ್ ತೆಗೆದು ಆ ವರ್ಷ ಲೋಕದಲ್ಲಿ ಯಾರು ಗೆದ್ದರು, ಯಾವ ನಿಯಮ ಬದಲಾಯಿತು, ಮುಂದಿನ ವರ್ಷ ಎಲ್ಲೆಲ್ಲಿ ಪಂದ್ಯ ಎಂದು ಓದುತ್ತಿದ್ದೆ. ಚಿಕ್ಕ ಮಕ್ಕಳು ಅರ್ಥವಾಗದಿದ್ದರೂ ಬಾಯಿ ತೆರೆದು ಕೇಳುತ್ತಿದ್ದವು. ನಾನು ಅರ್ಧ ಕೇಳಿ ಅರ್ಧ ನಿದ್ದೆ ಮಾಡುತ್ತಿದ್ದೆ. ನಿನ್ನ ಹಾಗೆ ನನಗೆ ಬರೆಯಲು ಬರುವುದಿಲ್ಲ. ಗೊತ್ತಿರುವುದನ್ನು ಬರೆಯುತ್ತೇನೆ.

ವರ್ಷದ ದೊಡ್ಡ ಪಂದ್ಯ ವಿಶ್ವ ಚಾಂಪಿಯನ್‌ಷಿಪ್. ಅಕ್ಟೋಬರ್ ಕೊನೆಯ ವಾರ, ಚೀನಾದ ವುಶಿ ಎಂಬ ಊರಿನಲ್ಲಿ ನಡೆಯಿತು. ನೂರೈವತ್ತಕ್ಕೂ ಹೆಚ್ಚು ದೇಶದವರು ಬಂದಿದ್ದರು. ದೇಶ ಕಳೆದುಕೊಂಡ ನಿರಾಶ್ರಿತರದ್ದೂ ಒಂದು ತಂಡ ಇತ್ತು. ನಮ್ಮ ಮಂಡ್ಯದ ಸ್ಟೇಡಿಯಮ್ಮಿನಂಥ ನಾಲ್ಕನ್ನು ಒಳಗೆ ಇಡಬಹುದಾದಷ್ಟು ದೊಡ್ಡ ಹಾಲ್. ಕೊರಿಯಾ, ಚೀನಾ, ಟರ್ಕಿಯವರು ಎಂದಿನ ಹಾಗೆ ಪದಕ ಗೆದ್ದರು. ಆದರೆ ನೀನು ಮೂರು ವರ್ಷದಿಂದ ಹೇಳುತ್ತಿದ್ದದ್ದು ನಿಜವಾಗುತ್ತಿದೆ. ಯಾವ ದೇಶವೂ ಎಲ್ಲವನ್ನೂ ಬಾಚಿಕೊಂಡು ಹೋಗುವ ಕಾಲ ಮುಗಿದಿದೆ. ಹಿಂದೆ ಹೆಸರೇ ಕೇಳದ ಊರುಗಳ ಹುಡುಗಿಯರು ಸೆಮಿಫೈನಲ್ಲಿನಲ್ಲಿ ಇದ್ದರು. ಗೆದ್ದವರ ಪೂರ್ತಿ ಪಟ್ಟಿಯನ್ನು ಮದ್ದೂರಿನಲ್ಲಿ ಪ್ರಿಂಟ್ ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ. ಬೇಕಾದಾಗ ಅಣ್ಣ ಓದಲಿ.

ಮೂರು ಸುತ್ತಿನಲ್ಲಿ ಎರಡು ಗೆದ್ದವರು ಗೆದ್ದಂತೆ ಎಂಬ ನಿಯಮ ಹಾಗೇ ಇದೆ. ನಿನಗೆ ಸಿಟ್ಟು ಬರಿಸುತ್ತಿದ್ದ ಆಟವೂ ಹಾಗೇ ಇದೆ, ಮುಂದಿನ ಕಾಲನ್ನು ಎತ್ತಿ ಹಿಡಿದುಕೊಂಡು ಕೋಲಿನ ಹಾಗೆ ತಿವಿಯುತ್ತ ನಿಲ್ಲುವುದು. ತಿರುಗಿ ಒದೆಯುವವರಿಗೆ ಹೆಚ್ಚು ಅಂಕ ಸಿಕ್ಕರೂ ಅಪಾಯ ಯಾರಿಗೂ ಬೇಡ. ಅಂಗವಿಕಲರ ಟೇಕ್ವಾಂಡೋ ಮಾತ್ರ ನೋಡಲು ಚೆನ್ನಾಗಿದೆ. ಅದರಲ್ಲಿ ತಲೆಗೆ ಒದೆಯುವಂತಿಲ್ಲ. ನಿಯಮವೇ ಹಾಗಿದೆ. ಕಣ್ಣಿಗೆ ಪೆಟ್ಟಿಗೆ ಕಟ್ಟಿಕೊಂಡು, ಎದುರಾಳಿಯನ್ನು ಮುಟ್ಟದೆ, ಗಾಳಿಯಲ್ಲಿ ಒದ್ದು ಪರದೆಯ ಮೇಲೆ ಗೆಲ್ಲುವ ವರ್ಚುವಲ್ ಆಟವೂ ಬೆಳೆಯುತ್ತಿದೆ. ಅದಕ್ಕೂ ವಿಶ್ವ ಚಾಂಪಿಯನ್‌ಷಿಪ್ ಇದೆ. ಅದರಲ್ಲಿ ಯಾರಿಗೂ ಏಟು ಬೀಳುವುದಿಲ್ಲ.

ಇನ್ನು ಮುಂದಿನದು. ಏಪ್ರಿಲ್‌ನಲ್ಲಿ ತಾಷ್ಕೆಂಟ್‌ನಲ್ಲಿ ಜೂನಿಯರ್‌ಗಳ ವಿಶ್ವ ಪಂದ್ಯ. ಸೆಪ್ಟೆಂಬರಿನಲ್ಲಿ ಜಪಾನಿನ ನಗೋಯಾದಲ್ಲಿ ಏಷ್ಯನ್ ಗೇಮ್ಸ್. ವರ್ಷದ ಕೊನೆಗೆ ಸೆನೆಗಲ್‌ನ ಡಾಕರ್‌ನಲ್ಲಿ ಯೂತ್ ಒಲಿಂಪಿಕ್ಸ್, ಆಫ್ರಿಕಾದಲ್ಲಿ ಒಲಿಂಪಿಕ್ಸ್ ಹೆಸರಿನ ಕೂಟ ಇದೇ ಮೊದಲು. ಆಮೇಲೆ ೨೦೨೮ಕ್ಕೆ ಲಾಸ್ ಏಂಜಲೀಸ್. ನೀನಾಗಿದ್ದರೆ ಇಲ್ಲಿ ನಿಲ್ಲಿಸಿ, ನಮ್ಮಲ್ಲಿ ಯಾರು ಎಲ್ಲಿಗೆ ಹೋಗಬಹುದು ಎಂದು ಒಬ್ಬೊಬ್ಬರ ಹೆಸರು ಹೇಳುತ್ತಿದ್ದೆ.

ನಗೋಯಾದಲ್ಲಿ ಹೆಂಗಸರಿಗೆ ನಲವತ್ತಾರು ಕೆ.ಜಿ. ಇರುವುದಿಲ್ಲ, ನಲವತ್ತೊಂಬತ್ತರಿಂದ ಶುರು. ಹೋದ ಜನವರಿಯಲ್ಲಿ ನೀನು ಮೇಲಿನ ತೂಕಕ್ಕೆ ಬಂದದ್ದು ಇದಕ್ಕೇ. ಒಂಬತ್ತು ವರ್ಷ ನೀನು ನಲವತ್ತಾರು, ನಾನು ನಲವತ್ತೊಂಬತ್ತು. ಒಂದೇ ಹಾಲಿನಲ್ಲಿ ಕಲಿತು, ಒಂದೇ ಬಸ್ಸಿನಲ್ಲಿ ಹೋಗಿ, ಬೇರೆ ಬೇರೆ ಪದಕ ತರುತ್ತಿದ್ದೆವು. ವಿ.ಸಿ. ನಾಲೆಯ ಏರಿಯ ಮೇಲೆ ಓಡುವಾಗ ನೀನು ನಿಂತು, ನಿನ್ನ ವಿಭಾಗಕ್ಕೆ ಬರುತ್ತಿದ್ದೇನೆ, ಬೇಜಾರಾ ಎಂದು ಕೇಳಿದೆ. "ಬಾ ಬುಡು. ಇಬ್ರಲ್ಲಿ ಒಬ್ರು ಓಯ್ತೀವಿ" ಎಂದೆ. ನೀನು ನಕ್ಕೆ.

ನನಗೆ ಬೇಜಾರಾಗಿತ್ತು. ನಿನ್ನ ಹತ್ತಿರ ಸ್ಕೂಟಿ ಇತ್ತು, ಕೊರಿಯಾದ ಶೂ ಇತ್ತು, ಕ್ಯಾಂಪಿನಲ್ಲಿ ಕೋಚ್‌ಗಳ ಜೊತೆ ಮಾತಾಡಲು ಇಂಗ್ಲಿಷ್ ಇತ್ತು. ನಾನು ತಾಲೂಕು ಕಚೇರಿಯ ಅಟೆಂಡರ್ ಮುದ್ದಯ್ಯನ ಮಗಳು. ನನ್ನದು ಅಂತ ಇದ್ದದ್ದು ನಲವತ್ತೊಂಬತ್ತು ಒಂದೇ. ಈ ಮಾತನ್ನು ಅವತ್ತೇ ಹೇಳಿದ್ದರೆ ನೀನು ಏನು ಮಾಡುತ್ತಿದ್ದೆಯೋ ಗೊತ್ತಿಲ್ಲ. ನಾನು ಹೇಳಲಿಲ್ಲ.

ನಿನಗೆ ಮೇ ಕೊನೆಯಿಂದ ಆಸ್ಪತ್ರೆಯಲ್ಲಿ ಕಣ್ಣು ಬಿಡುವವರೆಗೆ ಏನೂ ನೆನಪಿಲ್ಲ ಎಂದು ಅಭಿನವ್ ಅಣ್ಣ ಹೇಳಿದರು. ಮೈಸೂರಿನ ಡಾಕ್ಟರು ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಾರಂತೆ, ಒಂದೇ ಏಟಾದರೆ ಗುಣವಾಗುವುದು ಇಷ್ಟು ನಿಧಾನ ಯಾಕೆ, ಅದಕ್ಕೆ ಮೊದಲು ತಲೆಗೆ ಬೇರೆ ಏಟು ಬಿದ್ದಿತ್ತೇ ಎಂದು. ನಿಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಿನಗೆ ನೆನಪಿಲ್ಲ. ಅಣ್ಣ ಇದನ್ನು ನನ್ನಿಂದ ಉತ್ತರ ಬರುತ್ತದೆ ಎಂದು ಹೇಳಲಿಲ್ಲ, ಸುಮ್ಮನೆ ಹೇಳಿದರು. ನಾನು ಹೌದಾ ಎಂದು ಫೋನ್ ಇಟ್ಟೆ.

ಏಟು ಬಿದ್ದಿತ್ತು, ಸಿಂಧು.

ಜೂನ್ ಮೂರು, ಮಂಗಳವಾರ. ಗುತ್ತಲು ರಸ್ತೆಯ ನಮ್ಮ ಮಹಡಿ ಹಾಲಿನಲ್ಲಿ ಸಂಜೆ ಐದೂವರೆ. ಸೆಕೆ ಎಂದು ನೀನು ತಲೆಯ ಗಾರ್ಡ್ ತೆಗೆದಿಟ್ಟಿದ್ದೆ. ನಮ್ಮ ಕ್ಲಾಸಿನ ಪ್ರಸನ್ನನ ಜೊತೆ ಆಡುತ್ತಿದ್ದೆ. ಅವನ ಹಿಮ್ಮಡಿ ನಿನ್ನ ಎಡಗಿವಿಯ ಮೇಲೆ ಬಿತ್ತು. ನೀನು ಬಿದ್ದೆ, ಅರೆ ನಿಮಿಷ ಏಳಲಿಲ್ಲ, ಆಮೇಲೆ ಎದ್ದು ನಕ್ಕು ಏನಿಲ್ಲ ಎಂದೆ. ಪ್ರಸನ್ನ ನಂಬಿದ. ಸರ್ ಕೆಳಗೆ ಯಾರ ಜೊತೆಗೋ ಮಾತಾಡುತ್ತಿದ್ದರು. ನೀನು ಬಾತ್‌ರೂಮಿಗೆ ಹೋಗಿ ಎರಡು ಸಲ ವಾಂತಿ ಮಾಡಿಕೊಂಡೆ. ನಿನ್ನ ಜಡೆ ಹಿಡಿದುಕೊಂಡು ನಿಂತಿದ್ದವಳು ನಾನು. ನೀನು ಮುಖ ತೊಳೆದುಕೊಂಡು, "ಸರ್‌ಗೆ ಹೇಳ್ಬೇಡ ಕಣೆ. ಮೂವತ್ತು ದಿನ ಕೂರಿಸಿಬಿಡ್ತಾರೆ, ಆಯ್ಕೆ ಪಂದ್ಯ ಹೋಗಿಬಿಡತ್ತೆ" ಎಂದೆ.

ನಾನು ಯೋಳಕಿಲ್ಲ ಎಂದೆ.

ಗೆಳತಿ ಕೇಳಿದಳು, ಅದಕ್ಕೆ ಒಪ್ಪಿದೆ ಎಂದು ಬರೆದು ಮುಗಿಸಬಹುದು. ಆದರೆ ಏಟು ತಿಂದ ಸಿಂಧು ಎದುರಿಗೆ ಸಿಕ್ಕರೆ ನನಗೆ ಸುಲಭ ಎಂಬ ಯೋಚನೆಯೂ ಬಂದಿತ್ತು. ಬಂದು ಹೋಯಿತು. ಎರಡೂ ಇತ್ತು.

ಆಮೇಲಿನ ಹತ್ತು ದಿನ ನಿನಗೆ ಬೆಳಕು ಆಗುತ್ತಿರಲಿಲ್ಲ. ಪಂದ್ಯಕ್ಕೆ ಹೊರಟ ರೈಲಿನಲ್ಲಿ, ಯಾವಾಗಲೂ ಕಿಟಕಿಯ ಕಡೆ ಕೂರುತ್ತಿದ್ದವಳು ಒಳಗಿನ ಮೂಲೆ ಹಿಡಿದು ದುಪಟ್ಟಾ ಮುಖಕ್ಕೆ ಹಾಕಿಕೊಂಡೆ. ಸರ್ ಕೇಳಿದರೆ ನೀನು, ತೂಕಕ್ಕೆಂದು ನೀರು ಕುಡಿಯುವುದು ಬಿಟ್ಟಿದ್ದೇನೆ, ಅದಕ್ಕೆ ತಲೆನೋವು ಎಂದೆ. ಅವರು ನನ್ನ ಕಡೆ ನೋಡಿದರು. ನಾನು ಹೌದು ಸರ್ ಎಂದೆ.

ಹದಿನಾಲ್ಕನೇ ತಾರೀಕು, ವುಶಿಗೆ ತಂಡ ಆರಿಸುವ ಆಯ್ಕೆ ಪಂದ್ಯದ ಫೈನಲ್. ಆ ಊರಿನ ಹೆಸರು ನಿನಗೆ ನೆನಪಿಲ್ಲ, ನನಗೆ ಬರೆಯಲು ಮನಸ್ಸಿಲ್ಲ. ನೀನು ಕೆಂಪು, ನಾನು ನೀಲಿ. ಮೊದಲ ಸುತ್ತು ನಿನ್ನದು, ಎರಡನೆಯದು ನನ್ನದು. ಮೂರನೆಯದರಲ್ಲಿ ಇಪ್ಪತ್ತು ಸೆಕೆಂಡು ಉಳಿದಿದ್ದಾಗ ನೀನು ಎರಡು ಅಂಕ ಮುಂದಿದ್ದೆ. ತಲೆಗೆ ಬಿದ್ದರೆ ಮೂರು. ನಿನ್ನ ಎಡಗೈ ಕೆಳಗಿತ್ತು. ನಾನು ಬಲಗಾಲಿನಿಂದ ಒದ್ದೆ. ಎಡಗಿವಿಯ ಮೇಲೆ, ಅದೇ ಜಾಗ. ನಿನಗೆ ಕೈ ಊರಲೂ ಆಗಲಿಲ್ಲ. ರೆಫರಿ ಹತ್ತರವರೆಗೆ ಎಣಿಸಿದರು. ನಿನ್ನನ್ನು ಸ್ಟ್ರೆಚರಿಗೆ ಎತ್ತುತ್ತಿರುವಾಗಲೇ ನನ್ನನ್ನು ಮಧ್ಯಕ್ಕೆ ನಿಲ್ಲಿಸಿ ನೀಲಿಯ ಕಡೆ ಕೈ ತೋರಿಸಿ ಗೆದ್ದೆ ಎಂದರು. ನಾನು ಬಗ್ಗಿ ನಮಸ್ಕಾರ ಮಾಡಿದೆ. ಅಭ್ಯಾಸ.

ಆಸ್ಪತ್ರೆಯಲ್ಲಿ ಡಾಕ್ಟರು ಇದನ್ನೇ ಕೇಳಿದರು. ಎರಡು ಮೂರು ವಾರದ ಹಿಂದೆ ತಲೆಗೆ ಏನಾದರೂ ಬಿದ್ದಿತ್ತೇ ಎಂದು. ಸರ್ ತಮಗೆ ತಿಳಿದಂತೆ ಇಲ್ಲ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಯಾವಾಗ್ಲೂ ಅವಳ್ ಜೊತೇಲೇ ಇರ್ತೀಯಲ್ಲ, ಏನಾರ ಆಗಿತ್ತಾ?" ಎಂದರು.

"ಇಲ್ಲ ಸರ್" ಎಂದೆ.

ಇಷ್ಟು ಬರೆದು ಒಳಗೆ ಹೋಗಿ ನೀರು ಕುಡಿದು ಬಂದೆ. ಮಧ್ಯಾಹ್ನ ಮೂರು ಗಂಟೆ. ಹೊರಗೆ ಅವ್ವ ರಾಗಿ ಕೇರುತ್ತಿದ್ದಾಳೆ. ಅಳು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಜೂನಿನಿಂದ ಹೀಗೇ ಇದೆ. ಮುದ್ದೆ ತಿನ್ನುತ್ತೇನೆ, ಓಡುತ್ತೇನೆ, ಯಾರಾದರೂ ನಕ್ಕರೆ ನಾನೂ ನಗುತ್ತೇನೆ. ಕಾಲು ಜೋಮು ಹಿಡಿದಾಗ ಮುಟ್ಟಿದರೆ ಬೇರೆಯವರ ಕಾಲು ಮುಟ್ಟಿದ ಹಾಗಿರುತ್ತದಲ್ಲ, ಹಾಗೆ.

ಅಮ್ಮ, ಇದನ್ನು ಓದಿ ಹೇಳುತ್ತಿರುವವರು ನೀವೇ ಎಂದು ನನಗೆ ಗೊತ್ತು. ಗೊತ್ತಿದ್ದೇ ಬರೆದಿದ್ದೇನೆ. ಇಲ್ಲಿಯವರೆಗೆ ನಿಲ್ಲಿಸದೆ ಓದಿದ್ದೀರೋ, ನಡುವೆ ಎಲ್ಲಾದರೂ ಸುಮ್ಮನಾದಿರೋ ನನಗೆ ತಿಳಿಯುವುದಿಲ್ಲ. ಪಂದ್ಯದ ಮಾರನೆಯ ಬೆಳಿಗ್ಗೆ ನೀವು ಆಸ್ಪತ್ರೆಗೆ ಬಂದವರೇ ಸಿಂಧುವನ್ನು ನೋಡಿ ಹೊರಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಿರಿ. ನನ್ನ ಕೈ ಹಿಡಿದುಕೊಂಡು, "ಆಟ ಅಂದ್ಮೇಲೆ ಆಗತ್ತೆ. ನಿನ್ನ ತಪ್ಪಲ್ಲಮ್ಮ, ಅಳಬೇಡ" ಎಂದಿರಿ. ನಾನು ಅಳುತ್ತಿರಲಿಲ್ಲ. ಅಳುತ್ತಿದ್ದವರು ನೀವು. ಆಗ ಹೇಳಿದ್ದರೂ ತಡವಾಗುತ್ತಿರಲಿಲ್ಲ, ಡಾಕ್ಟರು ಒಳಗೇ ಇದ್ದರು. ನಿಮ್ಮ ಕೈ ಹಿಡಿದುಕೊಂಡು ಸುಮ್ಮನೆ ಕುಳಿತೆ.

ಒಂಬತ್ತು ವರ್ಷದ ಹಿಂದೆ ಮೊದಲ ಸಲ, ಆಗ ಮಂಡ್ಯದಲ್ಲಿದ್ದ ನಿಮ್ಮ ಮನೆಗೆ ಬಂದಾಗ ನನಗೆ ಕಾಫಿ ಕೊಟ್ಟ ಲೋಟ ಬೇರೆ ಇತ್ತು. ಹಿತ್ತಿಲ ಕಟ್ಟೆಯ ಮೇಲೆ ಇರುತ್ತಿತ್ತು. ಎರಡನೇ ವರ್ಷದ ಯಾವುದೋ ದಿನದಿಂದ ಅದು ಅಲ್ಲಿರಲಿಲ್ಲ, ಎಲ್ಲರ ಲೋಟದಲ್ಲೇ ನನಗೂ ಬಂತು. ನೀವು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿಮ್ಮ ಯಜಮಾನರು ತಿರುನಾರಾಯಣ ಮೇಷ್ಟ್ರು ನನ್ನ ಪಿಯುಸಿ ಸಂಸ್ಕೃತದ ಪುಸ್ತಕಕ್ಕೆ ತಾವೇ ರಟ್ಟು ಹಾಕಿಕೊಟ್ಟರು. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆಂದರೆ, ಆ ಕುರ್ಚಿಯಲ್ಲಿ ಕುಳಿತಾಗ ನನಗೆ ಭಯವಾದದ್ದು ಸಿಂಧು ಸಾಯುತ್ತಾಳೆಂದಲ್ಲ. ನಿಜ ಹೇಳಿದರೆ ಆ ಲೋಟ ಮತ್ತೆ ಹಿತ್ತಿಲಿಗೆ ಹೋಗುತ್ತದೆ ಎಂದು. ಒಬ್ಬಳು ಒಳಗೆ ಹಾಗೆ ಮಲಗಿರುವಾಗ ನನಗೆ ಬಂದ ಯೋಚನೆ ಅದು.

ಸಿಂಧು, ಈಗ ಮತ್ತೆ ನಿನಗೆ.

ವುಶಿಯಲ್ಲಿ ನಾನು ಮೊದಲ ಪಂದ್ಯದಲ್ಲೇ ಸೋತೆ. ಎದುರಿಗಿದ್ದವಳು ಉಜ್ಬೇಕಿಸ್ತಾನದ ಹುಡುಗಿ, ನನಗಿಂತ ಒಂದು ಗೇಣು ಎತ್ತರ. ಸೋಲಲೇಬೇಕಾದ ಪಂದ್ಯ ಅಲ್ಲ. ಎರಡನೇ ಸುತ್ತಿನಲ್ಲಿ ಅವಳು ಮೂರು ಸಲ ತಲೆ ತೆರೆದಿಟ್ಟಳು. ಮೂಲೆಯಲ್ಲಿ ಕುಳಿತ ಕೋಚ್ ಮೇಲೆ, ಮೇಲೆ ಎಂದು ಕೂಗುತ್ತಿದ್ದರು. ನನ್ನ ಕಾಲು ಸೊಂಟದಿಂದ ಮೇಲೆ ಏಳಲಿಲ್ಲ. ನೋವೇನಿರಲಿಲ್ಲ. ಏಳು ಎಂದು ನಾನು ಹೇಳಲೇ ಇಲ್ಲ. ಎರಡು ಸುತ್ತು ಮುಗಿದು ಹೊರಗೆ ಬಂದಾಗ, ಅನುಭವ ಸಾಲದು, ಮುಂದೆ ಬರುತ್ತಾಳೆ ಎಂದು ಯಾರೋ ಬೆನ್ನು ತಟ್ಟಿದರು. ಉಳಿದ ಐದು ದಿನ ಮೇಲಿನ ಸಾಲಿನಲ್ಲಿ ಕುಳಿತು ನಿನಗೆ ಹೇಳಬೇಕು ಎಂದು ಎಲ್ಲ ಪಂದ್ಯ ನೋಡಿದೆ. ಆಗ ನೀನು ಕೇಳಿರಲಿಲ್ಲ. ಆದರೂ ನೋಡಿದೆ.

ವಾಪಸು ಬಂದ ಮೇಲೆ ಮಂಡ್ಯದಲ್ಲಿ ಸನ್ಮಾನ ಮಾಡಿದರು. ಪೇಟ, ಶಾಲು, ಹಣ್ಣಿನ ಬುಟ್ಟಿ. ಜಿಲ್ಲೆಯಿಂದ ವಿಶ್ವ ಪಂದ್ಯಕ್ಕೆ ಹೋದ ಹುಡುಗಿ ಎಂದು ಭಾಷಣ ಮಾಡಿದವರು ನಿನ್ನ ಹೆಸರನ್ನೂ ಹೇಳಿ, ದುರದೃಷ್ಟವಶಾತ್ ಎಂದರು. ಅಮ್ಮ ಮಳವಳ್ಳಿಯಿಂದ ಬಸ್ಸಿನಲ್ಲಿ ಬಂದು ಮೂರನೇ ಸಾಲಿನಲ್ಲಿ ಕುಳಿತಿದ್ದರು. ಮುಗಿದ ಮೇಲೆ ಹತ್ತಿರ ಬಂದು ಸಿಂಧು ಕಳಿಸಿದಳು ಎಂದು ಒಂದು ಪೊಟ್ಟಣ ಪುಳಿಯೋಗರೆ ಕೊಟ್ಟು ಹೋದರು. ಮನೆಗೆ ಬಂದು ತಿಂದೆ. ಹುಳಿಯೋ ಖಾರವೋ ಗೊತ್ತಾಗಲಿಲ್ಲ.

ಮಾರನೆಯ ದಿನ ಪುಟ್ಟರಾಜು ಸರ್‌ಗೆ ಜೂನ್ ಮೂರರದ್ದು ಹೇಳಿದೆ. ಅವರು ಹಾಲಿನ ಕಿಟಕಿ ಒಂದೊಂದೇ ಮುಚ್ಚಿ ಬಂದು, "ಈಗ ಯೋಳುದ್ರೆ ಯಾರ್ಗೆ ಒಳ್ಳೇದಾಯ್ತದೆ? ಅವ್ಳಿಗೂ ಇಲ್ಲ, ನಿಂಗೂ ಇಲ್ಲ. ಸುಮ್ನಿದ್ಬುಡು" ಎಂದರು. ಅವರನ್ನು ಕೆಟ್ಟವರೆಂದುಕೊಳ್ಳಬೇಡ. ಗಾರ್ಡ್ ಇಲ್ಲದೆ ಆಡಲು ಬಿಟ್ಟದ್ದು ತಮ್ಮ ಹಾಲಿನಲ್ಲಿ ಎಂದು ಅವರಿಗೂ ಹೊಳೆದಿತ್ತು. ಅವತ್ತಿನಿಂದ ಅವರು ನನ್ನ ಮುಖ ನೋಡಿ ಮಾತಾಡುವುದಿಲ್ಲ. ನನಗೆ ಅನುಕೂಲವೇ ಆಯಿತು, ಸುಮ್ಮನಿದ್ದೆ.

ನಿನ್ನನ್ನು ನೋಡಲು ಒಮ್ಮೆ ಹೊರಟಿದ್ದೆ. ಆಗಸ್ಟ್‌ನಲ್ಲಿ, ಮದ್ದೂರಿನಿಂದ ಮಳವಳ್ಳಿ ಬಸ್ಸು ಹತ್ತಿದೆ. ಚಿಕ್ಕರಸಿನಕೆರೆ ದೇವಸ್ಥಾನಕ್ಕೆ ಹೋಗುವವರ ರಶ್ಶು. ಅವರೆಲ್ಲ ಅರ್ಧ ದಾರಿಯ ದೊಡ್ಡಿ ಸ್ಟಾಪಿನಲ್ಲಿ ಇಳಿದರು, ಅವರ ಜೊತೆ ನಾನೂ ಇಳಿದುಬಿಟ್ಟೆ. ಎದುರಿನ ಅಂಗಡಿಯಲ್ಲಿ ಒಂದು ಟೀ ಕುಡಿದು ವಾಪಸು ಬಸ್ಸು ಹಿಡಿದೆ. ಮನೆಯಲ್ಲಿ ಅವ್ವ ಕೇಳಿದರೆ ನೀನು ಮಲಗಿದ್ದೆ ಎಂದೆ.

ಅಭಿನವ್ ಅಣ್ಣನ ಫೋನ್ ಬಂದ ದಿನ ಅವ್ವನಿಗೆ ಎಲ್ಲ ಹೇಳಿದೆ. ಅಪ್ಪ ಮಧ್ಯಾಹ್ನದ ಊಟಕ್ಕೆ ಬಂದವನು ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಕುಳಿತು ಕೇಳಿಸಿಕೊಂಡು, ಅನ್ನಕ್ಕೆ ಕೈ ಹಾಕದೆ ಎದ್ದು ಆಫೀಸಿಗೆ ಹೋದ. ಅವ್ವ ಬೈಯಲಿಲ್ಲ. ನಮ್ಮವ್ವ ಪಟ್ಟಲಮ್ಮನ ಬಾಯಿ ನಿನಗೆ ಗೊತ್ತಲ್ಲ, ಬೈದಿದ್ದರೆ ಚೆನ್ನಾಗಿತ್ತು. "ನೀನು ಒದ್ದುದ್ದು ಆಟ ಕಣಮ್ಮ. ಡಾಕ್ಟ್ರು ಕೇಳ್ದಾಗ ಇಲ್ಲ ಅಂದ್ಯಲ್ಲ, ಅದು ಆಟ ಅಲ್ಲ. ಆ ತಾಯಿಗೆ ಯೋಳು" ಎಂದಳು. ಹನ್ನೊಂದು ದಿನ ಬೇಕಾಯಿತು.

ಇದರ ಜೊತೆ ಇನ್ನೊಂದು ಹಾಳೆ ಇದೆ. ಅದು ಮೈಸೂರಿನ ಡಾಕ್ಟರಿಗೆ. ಜೂನ್ ಮೂರರ ಏಟು ಯಾವ ಕಡೆ ಬಿತ್ತು, ಎಷ್ಟು ಹೊತ್ತು ಎಚ್ಚರ ಇರಲಿಲ್ಲ, ಎಷ್ಟು ಸಲ ವಾಂತಿಯಾಯಿತು, ಎಷ್ಟು ದಿನ ತಲೆನೋವಿತ್ತು, ಯಾವ ಮಾತ್ರೆ ತೆಗೆದುಕೊಂಡೆ, ನೆನಪಿದ್ದಷ್ಟೂ ಬರೆದು ಕೆಳಗೆ ನನ್ನ ಸಹಿ, ಫೋನ್ ನಂಬರ್ ಹಾಕಿದ್ದೇನೆ. ಮದ್ದೂರಿನ ಒಬ್ಬ ಡಾಕ್ಟರನ್ನು ಕೇಳಿದೆ. ಅವತ್ತೇ ಗೊತ್ತಾಗಿದ್ದರೂ ನಿನ್ನ ತಲೆಗೆ ಮಾಡಿದ ಆಪರೇಷನ್ನಿನಲ್ಲಿ ದೊಡ್ಡ ವ್ಯತ್ಯಾಸ ಆಗುತ್ತಿರಲಿಲ್ಲ, ಆದರೆ ಆಮೇಲಿನ ಆರೈಕೆಗೆ ಗೊತ್ತಿರಬೇಕಿತ್ತು ಎಂದರು. ಅವರ ಮಾತಿನ ಮೊದಲ ಅರ್ಧವನ್ನು ಹಿಡಿದುಕೊಳ್ಳಲು ನೋಡಿದೆ, ಆಗಲಿಲ್ಲ.

ಆಟ ಬಿಟ್ಟೆ ಎಂದು ಬರೆದರೆ ಓದಲು ಚೆನ್ನಾಗಿರುತ್ತಿತ್ತು. ಬಿಟ್ಟಿಲ್ಲ. ಬೆಳಿಗ್ಗೆ ಐದೂಕಾಲರ ಬಸ್ಸಿಗೆ ಮಂಡ್ಯಕ್ಕೆ ಹೋಗುತ್ತೇನೆ, ಚೀಲಕ್ಕೆ ಒದೆಯುತ್ತೇನೆ. ಸೊಂಟದ ಎತ್ತರಕ್ಕೆ. ಇನ್ನೇನು ಮಾಡಬೇಕೆಂದು ಗೊತ್ತಿಲ್ಲ. ನಗೋಯಾದ ಆಯ್ಕೆ ಪಂದ್ಯಕ್ಕೆ ನನ್ನ ಹೆಸರು ಹೋಗಿದೆ. ತೆಗೆಸಲು ಹೇಳಿದೆ. ಸರ್ ಪತ್ರ ಬರೆದುಕೊಡು ಎಂದರು, ನಿನ್ನೆ ಕೊಟ್ಟೆ. ಕೊಟ್ಟಾಗ ಏನಾದರೂ ಅನ್ನಿಸುತ್ತದೆ ಎಂದು ಕಾದೆ. ಅವರ ಟೇಬಲ್ಲಿನ ಮೇಲೆ ಇಟ್ಟು ಬಂದೆ, ಅಷ್ಟೆ.

ಸಂಜೆ ಮಕ್ಕಳ ಕ್ಲಾಸ್ ನನ್ನದು. ಗಾರ್ಡ್ ಇಲ್ಲದೆ ಯಾರೂ ಮ್ಯಾಟಿನ ಮೇಲೆ ಕಾಲಿಡುವಂತಿಲ್ಲ. ತಲೆಗೆ ಜೋರಾಗಿ ಬಿದ್ದವರ ಹೆಸರು, ತಾರೀಕು ಬೋರ್ಡಿನ ಮೇಲೆ ಬರೆಯುತ್ತೇನೆ, ಮೂವತ್ತು ದಿನ ಆಟ ಇಲ್ಲ. ಹೋದ ವಾರ ಒಂದು ಹುಡುಗಿಯನ್ನು ಜಿಲ್ಲಾ ಪಂದ್ಯಕ್ಕೆ ನಾಲ್ಕು ದಿನ ಇರುವಾಗ ಕೂರಿಸಿದೆ. ಅವಳ ತಾಯಿ ಮಂಗಳಮ್ಮ ಹಾಲಿಗೆ ಬಂದು ಎಲ್ಲರ ಎದುರಿಗೆ, ನೀನು ಚೀನಾಕ್ ಓಗ್ ಬಂದ್ಬುಟ್ಟೆ, ನನ್ ಮಗ್ಳು ಮಂಡ್ಯಕ್ಕೂ ಓಗ್ಬಾರ್ದಾ ಎಂದರು. ನಾನು ಹೆಸರು ಅಳಿಸಲಿಲ್ಲ. ಹುಡುಗಿ ಮೂಲೆಯಲ್ಲಿ ಕುಳಿತು ನನ್ನನ್ನೇ ನೋಡುತ್ತಾಳೆ, ತುಂಬ ಸಿಟ್ಟಿದೆ ಅವಳಿಗೆ. ಇರಲಿ.

ಮುಂದಿನ ಭಾನುವಾರ ಮಳವಳ್ಳಿಗೆ ಬರುತ್ತೇನೆ. ಹತ್ತೂವರೆಯ ಬಸ್ಸು. ಈ ಸಲ ದೊಡ್ಡಿಯಲ್ಲಿ ಇಳಿಯುವುದಿಲ್ಲ. ಒಳಗೆ ಕರೆಯುವುದು ಬಿಡುವುದು ನಿಮಗೆ ಬಿಟ್ಟದ್ದು. ಬೇಡವೆಂದರೆ ಅಣ್ಣ ಒಂದು ಮೆಸೇಜ್ ಹಾಕಲಿ, ಬರುವುದಿಲ್ಲ. ಯಾಕೆ ಎಂದು ಕೇಳುವುದಿಲ್ಲ.

ನಿನ್ನ ಹಾಗೆ ಕೊನೆಯಲ್ಲಿ ನಮ್ಮವರ ಹೆಸರು ಹೇಳಿ ಮುಗಿಸುವುದಾದರೆ, ಡಾಕರ್‌ಗೆ ಹೋಗುವ ವಯಸ್ಸಿನವರಲ್ಲಿ ಮಂಗಳಮ್ಮನ ಮಗಳು ಒಬ್ಬಳೇ ಲೆಕ್ಕಕ್ಕೆ ಬರುವವಳು. ಕಾಲು ನಿನ್ನ ಹಾಗೇ ಏಳುತ್ತದೆ, ಸದ್ದೇ ಇರುವುದಿಲ್ಲ.

ಅಮ್ಮನಿಗೆ, ಮೇಷ್ಟ್ರಿಗೆ ನನ್ನ ನಮಸ್ಕಾರ.

ನಿನ್ನ,
ವನಜಾ

ತಾ.ಕ.: ಅಭಿನವ್ ಅಣ್ಣ ಫೋನಿನಲ್ಲಿ ಇನ್ನೊಂದು ಮಾತು ಹೇಳಿದ್ದರು. ಯಾರಾದರೂ ಆ ಪಂದ್ಯದ ಮಾತೆತ್ತಿದರೆ ನೀನು, ಕೈ ಕೆಳಗಿಟ್ಟವಳು ನಾನೇ ಅಂತೆ, ತಪ್ಪು ನಂದೇ ಎನ್ನುತ್ತೀಯಂತೆ. ಇದನ್ನು ಮೇಲೆ ಬರೆಯಲು ಆಗಲಿಲ್ಲ. ಕವರಿಗೆ ಅಂಟು ಹಚ್ಚಿದವಳು ಮತ್ತೆ ತೆಗೆದು ಬರೆಯುತ್ತಿದ್ದೇನೆ. ಫೈನಲ್ ದಿನ ಬೆಳಿಗ್ಗೆ ತೂಕ ಹಾಕಿಸಿ ಬಂದು ಮೆಟ್ಟಿಲ ಮೇಲೆ ಕುಳಿತಾಗ ನೀನು, ತಲೆ ತುಂಬ ನೋಯುತ್ತಿದೆ, ಹಿಂದೆ ಸರಿದುಬಿಡಲಾ ಎಂದು ನನ್ನನ್ನು ಕೇಳಿದೆ. ನೀನು ಸರಿದರೆ ಜನ ನನ್ನನ್ನು ಆಡದೆ ಗೆದ್ದವಳು ಎನ್ನುತ್ತಾರೆ ಎಂದುಕೊಂಡೆ. "ಆಡು ಸಿಂಧು. ನಿನ್ ತಲೆ ತಾವ್ಕೆ ಕಾಲು ತರಾಕಿಲ್ಲ ನಾನು" ಎಂದೆ. ನೀನು ಸರಿ ಎಂದು ಎದ್ದೆ. ಎರಡು ಸುತ್ತು ನಾನು ಮಾತು ಉಳಿಸಿಕೊಂಡೆ. ಕೊನೆಯ ಇಪ್ಪತ್ತು ಸೆಕೆಂಡಿನಲ್ಲಿ ಮಾತು ಮರೆತಿತ್ತು ಎಂದು ಬರೆಯಬಹುದು. ಮರೆತಿರಲಿಲ್ಲ. ನಾನು ಹೇಳಿದ್ದನ್ನು ನಂಬಿ ನೀನು ಕೈ ಇಳಿಸಿದ್ದೆ. ನಿನ್ನದೇನೂ ತಪ್ಪಿಲ್ಲ.